ಬಿಸಿಲನ್ನು ಗಾಜಿನ ಹೊರಗೇ ತಡೆಯೋಣ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ವಸತಿ ಸಮುಚ್ಚಯಗಳಲ್ಲಿ ವಿಶಾಲ ಗಾಜಿನ ಕಿಟಕಿಗಳಿಗೆ ಮರದ ಪಟ್ಟಿಯ ಬ್ಲೈಂಡ್ ಅಳವಡಿಸುವುದು ರೂಢಿಯಾಗಿದೆ. ಅಂದಕ್ಕೂ ಏಕಾಂತಕ್ಕೂ ಅದು ತಕ್ಕುದೇ. ಆದರೆ ಪಶ್ಚಿಮದ ಬಿಸಿಲಿಗೆ ಅದೊಂದೇ ಸಾಲದು. ಗಾಜನ್ನು ದಾಟಿದ ಶಾಖದ ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ. ಬೆಂಗಳೂರಿನ ಹಳೆಯ ಬಂಗಲೆಗಳ ‘ಮಂಕಿ ಟಾಪ್’ ಮರದ ಪಟ್ಟಿಗಳು ಕಿಟಕಿಯ ಹೊರಗೇ ನೆರಳು ನೀಡುತ್ತಿದ್ದವು.

ಆದುದರಿಂದ ಪಶ್ಚಿಮದ ಬಾಲ್ಕನಿಗೆ ಮೇದಾರರು ಹೆಣೆದ ಬಿದಿರಿನ ಪರದೆ, ಕೋಣೆಯೊಳಗೆ ಮರದ ಬ್ಲೈಂಡ್, ತೇವವಿರುವ ಸ್ನಾನಗೃಹಕ್ಕೆ ಅಲ್ಯೂಮಿನಿಯಂ ಪಟ್ಟಿ ಆರಿಸುವುದು ಲೇಸು. ಪೀಣ್ಯದ ಸಣ್ಣ ಕೈಗಾರಿಕೆಗಳಿಗೆ ಹೊರಪಟ್ಟಿಗಳ ತಯಾರಿಕೆ ಒಳ್ಳೆಯ ಅವಕಾಶ. ಮರವನ್ನು ಹದಗೊಳಿಸುವ ಪರಿಣತಿ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದೆ. ನಿರ್ಮಾಪಕರು ನಕ್ಷೆಯ ಹಂತದಲ್ಲೇ ಇವಕ್ಕೆ ಸ್ಥಳ ಕಲ್ಪಿಸಬೇಕು. ಇಲ್ಲವಾದರೆ ನಿವಾಸಿಗಳು ಅದರ ಬೆಲೆಯನ್ನು ವಿದ್ಯುತ್ ಬಿಲ್ಲಿನಲ್ಲಿ ವರ್ಷವರ್ಷವೂ ತೆರಬೇಕಾಗುತ್ತದೆ.