ಮರಳುವ ದಿನದ ಲೆಕ್ಕ ಹೊರಡುವ ಮುನ್ನವೇ ಆಗಲಿ

ಕರಾವಳಿಯ ಮುಸ್ಲಿಮ್ ಕುಟುಂಬಗಳ ಪಾಲಿಗೆ ಗಲ್ಫ್ ಎಂಬುದು ಈಗ ಪರದೇಶವಾಗಿ ಉಳಿದಿಲ್ಲ. ಭಟ್ಕಳ, ಉಡುಪಿ, ಮಂಗಳೂರಿನ ಅದೆಷ್ಟೋ ಮನೆಗಳ ಗೋಡೆ ಎದ್ದಿರುವುದು, ಮಕ್ಕಳ ಶುಲ್ಕ ಪಾವತಿಯಾಗಿರುವುದು ಅಲ್ಲಿ ಸುರಿಸಿದ ಬೆವರಿನಿಂದ. ಆ ಬೆವರಿನ ಬಗ್ಗೆ ನಮಗೆ ಗೌರವವಿದೆ. ಆದರೆ ಒಂದು ಮದುವೆಗೆ ತಿಂಗಳುಗಟ್ಟಲೆ ಸಿದ್ಧತೆ ನಡೆಸುವ ನಾವು, ಮನೆಯ ದುಡಿಯುವ ಕೈಯನ್ನು ಕಡಲಾಚೆಗೆ ಕಳುಹಿಸುವಾಗ ಒಂದು ಸಂಜೆಯಾದರೂ ಕಾಗದ-ಪೆನ್ನು ಹಿಡಿದು ಕೂರುತ್ತೇವೆಯೇ? ವೀಸಾ ಬಂತು, ಟಿಕೆಟ್ ಆಯಿತು, ಬಂಧುಗಳಿಗೆ ಊಟವೂ ಆಯಿತು. ಅಷ್ಟಕ್ಕೇ ತಯಾರಿ ಮುಗಿಯಿತೆಂದು ಭಾವಿಸುವವರೇ ಹೆಚ್ಚು.

ಹೊರಡುವವನ ಹೆಗಲೇರುವ ಮೊದಲ ಹೊರೆ ಸಾಲ. ಹೆಂಡತಿಯ ಚಿನ್ನ ಅಡವಾಗುತ್ತದೆ, ಇಲ್ಲವೇ ಹಿರಿಯರ ಕಾಲದ ಹಿತ್ತಿಲು ಮಾರಾಟವಾಗುತ್ತದೆ. ಆ ಹಣ ಹೋಗುವುದು ಎಲ್ಲಿಗೆ? ನಮ್ಮ ದೇಶದ ನಿಯಮದಂತೆ ನೋಂದಾಯಿತ ಏಜೆಂಟನು ಸೇವಾ ಶುಲ್ಕವಾಗಿ ಪಡೆಯಬಹುದಾದುದು ಗರಿಷ್ಠ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಮಾತ್ರ. ಅದಕ್ಕೂ ರಶೀದಿ ಕೊಡಬೇಕು. ಹೀಗಿರುತ್ತಾ ಲಕ್ಷಾಂತರ ರೂಪಾಯಿ ಕೇಳುವವನನ್ನು ನಾವೇಕೆ ಪ್ರಶ್ನಿಸುವುದಿಲ್ಲ? ‘ಫ್ರೀ ವೀಸಾ’ ಎಂದು ಹೇಳಿ ಮಾರಲಾಗುವುದು ಕೂಡ ಫ್ರೀ ಅಲ್ಲ. ಒಬ್ಬ ಪ್ರಾಯೋಜಕನ ಹೆಸರಲ್ಲಿ ಹೋಗಿ ಇನ್ನೊಬ್ಬನಲ್ಲಿ ಅನುಮತಿಯಿಲ್ಲದೆ ದುಡಿಯುವುದು ಅಲ್ಲಿ ಅಪರಾಧ. ಸಂದರ್ಶನ ವೀಸಾದಲ್ಲಿ ದುಡಿಯುವುದೂ ಹಾಗೆಯೇ. ಸಿಕ್ಕಿಬಿದ್ದರೆ ಗಡೀಪಾರಾಗುವವನು ಕಾರ್ಮಿಕನೇ ಹೊರತು ಊರಿನ ಏಜೆಂಟನಲ್ಲ.

ಎರಡನೆಯದು ಒಪ್ಪಂದ ಪತ್ರ. ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತಾರೆ; ಅದರಲ್ಲಿ ಮೂಲ ವೇತನ ಎಷ್ಟೆಂದು ಕೇಳುವವರು ವಿರಳ. ಯುಎಇಯ ಕಾನೂನಿನಂತೆ ಮೊದಲ ಐದು ವರ್ಷಗಳ ಸೇವೆಗೆ ವರ್ಷಕ್ಕೆ 21 ದಿನಗಳ ಮೂಲ ವೇತನ ಗ್ರಾಚ್ಯುಟಿಯಾಗಿ ಸಿಗುತ್ತದೆ. 1200 ದಿರ್ಹಮ್ ಸಂಬಳದಲ್ಲಿ 600 ಮಾತ್ರ ಮೂಲ ವೇತನವಾಗಿದ್ದರೆ, ಐದು ವರ್ಷ ದುಡಿದು ಮರಳುವವನ ಕೈಗೆ ಬರುವುದು 2100 ದಿರ್ಹಮ್. ಪೂರ್ತಿ 1200 ಮೂಲ ವೇತನವಾಗಿದ್ದರೆ ಅದು 4200 ಆಗುತ್ತಿತ್ತು. ವಸತಿ, ಊಟ, ಚಿಕಿತ್ಸೆ, ರಜೆಯ ಟಿಕೆಟ್ ಯಾರ ಖರ್ಚು ಎಂಬುದೂ ಬರಹದಲ್ಲಿರಬೇಕು. ಹತ್ತನೆಯ ತರಗತಿ ತೇರ್ಗಡೆಯಾಗದವರು ಗಲ್ಫ್ ಸಹಿತ 18 ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಇದು ಕಿರುಕುಳವಲ್ಲ, ರಕ್ಷಣೆ. ಇದರೊಂದಿಗೆ ಕಡ್ಡಾಯವಾಗಿರುವ ಪ್ರವಾಸಿ ಭಾರತೀಯ ವಿಮಾ ಯೋಜನೆಯು ಅಪಘಾತದಲ್ಲಿ ಮೃತಪಟ್ಟರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿಯ ಪರಿಹಾರ ನೀಡುತ್ತದೆ. ಆ ಪತ್ರದ ಒಂದು ಪ್ರತಿ ಮನೆಯವರ ಬಳಿಯೂ ಇರಲಿ.

ಮೂರನೆಯದು, ಹಿಂದೆ ಉಳಿಯುವ ಮನೆ. ಮೊದಲ ಸಂಬಳ ಬರುವವರೆಗೆ, ಕೆಲಸ ಕೈಕೊಟ್ಟರೆ ಮುಂದಿನ ಕೆಲವು ತಿಂಗಳವರೆಗೆ, ಅಡುಗೆ ಮನೆ ನಡೆಯುವಷ್ಟು ಹಣವನ್ನು ತೆಗೆದಿಟ್ಟೇ ಹೊರಡಬೇಕು. ವಿದೇಶಕ್ಕೆ ತೆರಳಿ ಅನಿವಾಸಿಯಾದವನು ತನ್ನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂಬುದು ನಿಯಮ. ಅಲ್ಲಿನ ಸಂಪಾದನೆಗೆ ಎನ್‌ಆರ್‌ಇ ಖಾತೆಯಿದೆ. ಇದಲ್ಲದೆ ಹೆಂಡತಿಯ ಹೆಸರಲ್ಲಿ ಪ್ರತ್ಯೇಕ ಖಾತೆಯೂ ಇರಲಿ. ಆಸ್ತಿಯ ವ್ಯವಹಾರಕ್ಕಾಗಿ ಸಹೋದರನಿಗೋ ಭಾವನಿಗೋ ಅಧಿಕಾರ ಪತ್ರ ಕೊಡುವುದಾದರೆ, ಯಾವ ಕೆಲಸಕ್ಕೆ ಎಂಬುದನ್ನು ಅದರಲ್ಲೇ ಸ್ಪಷ್ಟಪಡಿಸಬೇಕು. ಸಾಲದ ವ್ಯವಹಾರವನ್ನು ಬರೆದಿಡುವಂತೆ ಪವಿತ್ರ ಕುರ್‌ಆನ್ (2:282) ಆದೇಶಿಸುತ್ತದೆ. ‘ನಮ್ಮೊಳಗೆ ಬರಹವೇಕೆ’ ಎಂಬ ಸಂಕೋಚದಿಂದ ಅಣ್ಣ-ತಮ್ಮಂದಿರು ಕೋರ್ಟಿನ ಮೆಟ್ಟಿಲೇರಿದ ಪ್ರಕರಣಗಳು ನಮ್ಮ ನಡುವೆ ಕಡಿಮೆಯೇ?

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಈ ಸಂಪಾದನೆ ಎಲ್ಲಿಯವರೆಗೆ? 1990ರಲ್ಲಿ ಕುವೈತ್ ಮೇಲೆ ಇರಾಕ್ ದಾಳಿ ಮಾಡಿದಾಗ ಸುಮಾರು 1.7 ಲಕ್ಷ ಭಾರತೀಯರು ಸ್ವದೇಶಕ್ಕೆ ಮರಳಬೇಕಾಯಿತು. 2017ರ ಜುಲೈಯಲ್ಲಿ ಸೌದಿ ಅರೇಬಿಯವು ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. 2020ರ ವೇಳೆಗೆ ಅದು 400ಕ್ಕೇರಿತು. ಹೆಂಡತಿ ಮತ್ತು ಮೂವರು ಮಕ್ಕಳಿದ್ದವನಿಗೆ ತಿಂಗಳಿಗೆ 1600 ರಿಯಾಲ್! ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿದವು. 2020ರಲ್ಲಿ ಕೊರೋನಾ ಬಂದಾಗ ಕೆಲಸ ಕಳಕೊಂಡವರಿಂದ ವಿಮಾನಗಳು ತುಂಬಿದುವು. ಈ ಮೂರರಲ್ಲಿ ಯಾವುದೂ ಕಾರ್ಮಿಕನ ತಪ್ಪಿನಿಂದ ಆದುದಲ್ಲ. ಹೀಗಿದ್ದೂ ನಾವು ಗಲ್ಫ್ ಸಂಬಳವನ್ನು ಆಜೀವ ಪಿಂಚಣಿಯೆಂಬಂತೆ ಖರ್ಚು ಮಾಡುತ್ತೇವೆ. ದುಡಿದವನು ಕ್ಯಾಂಪಿನಲ್ಲಿ ಎಂಟು ಮಂದಿಯೊಂದಿಗೆ ಒಂದು ಕೋಣೆ ಹಂಚಿಕೊಳ್ಳುತ್ತಿರುವಾಗ, ಊರಲ್ಲಿ ಅವನು ವರ್ಷಕ್ಕೊಮ್ಮೆಯೂ ಮಲಗದ ಮಹಡಿ ಮನೆ ಏಳುತ್ತದೆ. ವಿವಾಹಗಳು ಅದ್ದೂರಿಯಾಗುತ್ತವೆ. ಐವತ್ತರ ಪ್ರಾಯದಲ್ಲಿ ಸಕ್ಕರೆ ಕಾಯಿಲೆಯೊಂದಿಗೆ ಮರಳುವವನಿಗೆ ಕೊನೆಗೆ ಉಳಿಯುವುದೇನು?

ಆದ್ದರಿಂದ ಹೊರಡುವ ದಿನವೇ ಮರಳುವ ವರ್ಷವೂ ನಿಗದಿಯಾಗಲಿ. ಮೊದಲು ಸಾಲ ತೀರಲಿ, ಬಳಿಕ ಮಕ್ಕಳ ಶಿಕ್ಷಣ, ಅನಂತರ ಊರಲ್ಲೇ ಬದುಕಲು ಒಂದು ದಾರಿ. ಮಹಡಿ ಮನೆ ಕೊನೆಯಲ್ಲಿ ಬಂದರೂ ನಷ್ಟವಿಲ್ಲ. ಜಮಾಅತ್‌ಗಳು ಕೂಡ ಇಲ್ಲಿ ತಮ್ಮ ಪಾತ್ರ ನಿರ್ವಹಿಸಬೇಕು. ತಿಂಗಳಿಗೊಮ್ಮೆ ಮಸೀದಿಯ ಸಭಾಂಗಣದಲ್ಲಿ ಹೊರಡುವ ಯುವಕರನ್ನೂ ಮರಳಿದ ಹಿರಿಯರನ್ನೂ ಒಟ್ಟಿಗೆ ಕೂರಿಸಿ, ಒಪ್ಪಂದ ಪತ್ರ ಓದಿ ಹೇಳುವ ವ್ಯವಸ್ಥೆ ಮಾಡಿದರೆ ಅದಕ್ಕೆ ದೊಡ್ಡ ಖರ್ಚೇನೂ ತಗಲದು. ವಿಮಾನ ನಿಲ್ದಾಣದಲ್ಲಿ ಕಣ್ಣೀರಿನೊಂದಿಗೆ ಬೀಳ್ಕೊಡುವ ಪ್ರೀತಿ ನಮ್ಮಲ್ಲಿ ಧಾರಾಳವಿದೆ. ಆ ಪ್ರೀತಿ ಒಂದು ವಾರ ಮುಂಚಿತವಾಗಿ ಲೆಕ್ಕದ ಪುಸ್ತಕವನ್ನೂ ತೆರೆಯಲಿ.