ಜಂಗಿನ ಮ್ಯಾಲೆ ಮ್ಯಾಟ್ ಬ್ಲ್ಯಾಕ್

ಮೊದಲೇ ಒಪ್ಪಿಕೊಂಡುಬಿಡ್ತೀನಿ. ನಮ್ಮ ಕಾಕಾನ ಜೀಪು ಹಾಳು ಮಾಡಿದವನು ನಾನೇ. ಅದೂ ಪುಕ್ಕಟೆ ಅಲ್ಲ, 1.60 ಲಕ್ಷ ರೂಪಾಯಿ ಕೊಟ್ಟು, ಅರ್ಧ ದುಡ್ಡಿಗೆ ಇಎಂಐ ಹಾಕಿಸಿಕೊಂಡು, ಬಹಳ ಪ್ರೀತಿಯಿಂದ ಹಾಳು ಮಾಡಿದೆ.

ಜೀಪು ಅಂದರೆ ಮಹೀಂದ್ರಾ ಎಂಎಂ 540. ಫೋರ್ ವ್ಹೀಲ್ ಡ್ರೈವ್, ಪ್ಯೂಜೋ ಡೀಸೆಲ್ ಎಂಜಿನ್. ಥಾರ್ ಅನ್ನೋ ಹೆಸರು ಬಂದಿದ್ದು 2010ರಲ್ಲಿ. ಅದಕ್ಕೂ ಎಷ್ಟೋ ಮೊದಲು ಕಲಘಟಗಿ ತಾಲ್ಲೂಕಿನ ನಮ್ಮೂರಿನಲ್ಲಿ 'ಗಾಡಿ' ಅಂದರೆ ಇದೊಂದೇ. ಸೊಸೈಟಿಯಿಂದ ಗೊಬ್ಬರದ ಚೀಲ ತಂದಿದ್ದು ಇದರಲ್ಲಿ, ಹುಬ್ಬಳ್ಳಿ ಆಸ್ಪತ್ರೆಗೆ ಬಸುರಿಯರನ್ನು ಒಯ್ದಿದ್ದು ಇದರಲ್ಲಿ. ನವಲಗುಂದದ ಕಡೆ ನಮ್ಮ ಅತ್ತಿಯ ಹೊಲ ಇದೆ. ಬೆಣ್ಣಿಹಳ್ಳ ತುಂಬಿ ಇಳಿದ ಮೇಲೆ ಆ ಕೆಸರಿನಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ಹೊಲದ ತನಕ ಹೋಗುತ್ತಿದ್ದುದು ಇದೊಂದೇ.

ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕು, ವೀಕೆಂಡ್ ಆಫ್‌ರೋಡ್ ಗೆಳೆಯರು ಸಿಕ್ಕ ಮೇಲೆ ಜೀಪಿನ ಮೇಲೆ ನನಗೂ ಪ್ರೀತಿ ಉಕ್ಕಿತು. ಕಾಕಾನನ್ನು ಒಪ್ಪಿಸಿ ಗಾಡಿ ಬೆಂಗಳೂರಿಗೆ ತರಿಸಿದೆ. ಒಂದು ಗ್ಯಾರೇಜಿನವರು 'ಫುಲ್ ರಿಸ್ಟೋರೇಶನ್ ಸರ್' ಅಂದರು. ಎರಡು ತಿಂಗಳಿಗೆ ಮ್ಯಾಟ್ ಬ್ಲ್ಯಾಕ್ ಬಣ್ಣ, ದಪ್ಪ ಟೈರು, ಮೇಲೆ ಎಲ್‌ಇಡಿ ಬಾರ್. ಫೋಟೋ ಹಾಕಿದ ದಿನ ನನಗೆ ಬಂದ ಲೈಕು ನನ್ನ ಮದುವೆಗೂ ಬಂದಿರಲಿಲ್ಲ. ಕಾಕಾ ಗಾಡಿಯನ್ನು ಒಂದು ಸುತ್ತು ನೋಡಿ, "ಚಲೋ ಆಗೇತಿ. ಆದ್ರ ತಳಾ ನೋಡ್ಯಾರಿಲ್ಲೋ?" ಅಂತ ಕೇಳಿದ. "ಎಲ್ಲಾ ಮಾಡ್ಯಾರ ಕಾಕಾ" ಅಂದೆ. ಬಗ್ಗಿ ನೋಡಿರಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ಬಣ್ಣ ಗುಳ್ಳೆ ಏಳತೊಡಗಿತು. ದಸರಾ ರಜೆಯಲ್ಲಿ ತಂಬೂರು ಬಸವಣ್ಣನ ಗುಡಿಗೆ ಹೋಗಿ ಬರುವಾಗ ಹಿಂದಿನ ಸೀಟಿನಲ್ಲಿ ಮಕ್ಕಳೆಲ್ಲ ಇದ್ದರು. ಒಂದು ಗುಂಡಿಗೆ ಚಕ್ರ ಬಿದ್ದಿದ್ದೇ ತಡ, ಸೀಟಿನ ಬೋಲ್ಟು ತಳದ ಪತ್ರಾ ಸಮೇತ ಕಿತ್ತು ಬಂತು. ಸೀಟು ಮಗುಚಿತು. ಅಣ್ಣನ ಮಗಳ ಹುಬ್ಬಿಗೆ ನಾಲ್ಕು ಹೊಲಿಗೆ. ಕಣ್ಣು ಅರ್ಧ ಇಂಚಿನಲ್ಲಿ ಉಳಿಯಿತು.

ಕಿತ್ತು ಬಂದ ಚೂರನ್ನು ಕೈಯಲ್ಲಿ ಹಿಡಿದು ನೋಡಿದೆ. ಸೊಳ್ಳೆ ಪರದೆಯಂಥ ಒಂದು ಜಾಳಿಗೆ. ಅದರ ಮೇಲೆ ಅರ್ಧ ಇಂಚು ಪುಟ್ಟಿ. ಅದರ ಮೇಲೆ ನನ್ನ ಮ್ಯಾಟ್ ಬ್ಲ್ಯಾಕ್. ಕಬ್ಬಿಣ ಅನ್ನೋದು ಇರಲೇ ಇಲ್ಲ.

ಈಗ ಬೈಗುಳಕ್ಕೆ ಬರೋಣ. ಆ ಗ್ಯಾರೇಜಿನವರನ್ನು ಬೈಯುವುದು ಸುಲಭ, ಸಾಕಷ್ಟು ಬೈದೂ ಆಗಿದೆ. ಆದರೆ ನಾನೇನು ಕೇಳಿದ್ದೆ? ಕಲರ್ ಯಾವುದು ಅಂತ ಕೇಳಿದ್ದೆ, ಟೈರ್ ಸೈಜ್ ಎಷ್ಟು ಅಂತ ಕೇಳಿದ್ದೆ. ಎಷ್ಟು ಪತ್ರಾ ಕತ್ತರಿಸಿದಿರಿ, ಎಷ್ಟು ಹೊಸದು ಹಾಕಿದಿರಿ ಅಂತ ಒಮ್ಮೆಯೂ ಕೇಳಲಿಲ್ಲ. ನಾನು ಬಣ್ಣಕ್ಕೆ ದುಡ್ಡು ಕೊಟ್ಟೆ, ಅವರು ಬಣ್ಣ ಕೊಟ್ಟರು. ನಮ್ಮಂಥ ಗಿರಾಕಿಗಳಿಗಾಗಿಯೇ ಈ ಮಾರ್ಕೆಟ್ಟು ಹೀಗಾಗಿದೆ.

ಜಂಗು ಮೇಲಿಂದ ಹಿಡಿಯುವ ರೋಗ ಅಂತ ನಾವು ತಿಳಿದಿದ್ದೇವೆ. ಜೀಪಿಗೆ ಅದು ಹಿಡಿಯುವುದು ತಳದಿಂದ. ತಳದ ಅಡಿಗೆ ಬಲಕ್ಕೆಂದು ಡಬ್ಬಿಯ ಹಾಗೆ ಮಡಚಿದ ಪಟ್ಟಿಗಳಿರುತ್ತವೆ. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಆ ಅಂಟು ಪಟ್ಟಿಯೊಳಗೆ ಹೊಕ್ಕಿತೆಂದರೆ ನೀರು ಹೋಗುವ ತೂತು ಮುಚ್ಚಿತು. ಹೊರಗೆ ಬಿಸಿಲು ಬಿದ್ದು ಗಾಡಿ ಒಣಗಿರುತ್ತದೆ, ಒಳಗೆ ದಿನಗಟ್ಟಲೆ ಹಸಿ. ಇತ್ತ ಕಲಘಟಗಿಗೆ ಬಂದರೆ ಘಟ್ಟದ ಸೆರಗು, ಭತ್ತದ ಗದ್ದೆ, ಮಳೆಯೂ ಹೆಚ್ಚು. ಇದರ ಮೇಲೆ ಗೊಬ್ಬರ. ಪೊಟ್ಯಾಷ್ ಅಂತ ನಾವು ತರುವುದು ಪೊಟ್ಯಾಸಿಯಂ ಕ್ಲೋರೈಡು, ಅಂದರೆ ಒಂದು ನಮೂನೆಯ ಉಪ್ಪು. ಕಾರವಾರದವರ ಗಾಡಿಗೆ ಸಮುದ್ರದ ಗಾಳಿ ಉಪ್ಪು ತರುತ್ತದೆ. ನಮ್ಮ ಕಾಕಾ ಇಪ್ಪತ್ತು ವರ್ಷ ಚೀಲದಲ್ಲಿ ತಂದು ಸುರಿದಿದ್ದ.

ಕಬ್ಬಿಣ, ನೀರು, ಗಾಳಿ ಸೇರಿದರೆ ಜಂಗು. ಅಲ್ಯೂಮಿನಿಯಂ ಮೇಲೆ ಕಟ್ಟುವ ಪದರ ಬಿಗಿಯಾಗಿ ಕೂತು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ಜಂಗು ಹಾಗಲ್ಲ, ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಉಬ್ಬಿ, ಸಿಪ್ಪೆಯಾಗಿ ಉದುರಿ, ಒಳಗಿನ ಹೊಸ ಕಬ್ಬಿಣಕ್ಕೆ ಬಾಗಿಲು ತೆರೆಯುತ್ತದೆ. ಮೇಲೆ ಬಣ್ಣ ಬಳಿದರೆ ಬಣ್ಣವನ್ನೇ ಎತ್ತುತ್ತದೆ. ಪುಟ್ಟಿ ಇರುವುದು ಗಟ್ಟಿ ಪತ್ರಾದ ಮೇಲಿನ ಸಣ್ಣ ತಗ್ಗು ಸಮ ಮಾಡುವುದಕ್ಕೆ. ಜಂಗಿನ ಮೇಲೆ ಅದು ಹಿಡಿತ ಬಿಡುತ್ತದೆ, ಬಿಟ್ಟ ಸಂದಿಯಲ್ಲಿ ನೀರು ಕೂರುತ್ತದೆ. ಒಳಗಿನ ಕೆಲಸ ಸದ್ದಿಲ್ಲದೆ ನಡೆಯುತ್ತಿರುತ್ತದೆ, ಹೊರಗೆ ನಾವು ಫೋಟೋ ತೆಗೆಯುತ್ತಿರುತ್ತೇವೆ.

ಕೊನೆಗೆ ಕಾಕಾನೇ ಒಬ್ಬ ಮಿಸ್ತ್ರಿಯ ಹತ್ತಿರ ಕರೆದೊಯ್ದ. ರಸ್ತೆ ಬದಿ ಪತ್ರಾದ ಶೆಡ್ಡು, ಬೋರ್ಡೂ ಇಲ್ಲ. ಆತ ಗಾಡಿಯ ಮೇಲ್ಭಾಗ ನೋಡಲೇ ಇಲ್ಲ. ಅಡಿಗೆ ಮಲಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ಬಡಿಯುತ್ತ ಹೋದ. ಒಳ್ಳೆಯ ಕಡೆ 'ಟಣ್' ಅನ್ನುತ್ತಿತ್ತು, ಕೆಟ್ಟ ಕಡೆ 'ದಬ್'. ಹೊರಗೆ ಬಂದು, "ಸಾಹೇಬ್ರ, ಹುಳುಕು ಹಲ್ಲಿಗೆ ಬೆಳ್ಳಿ ಹೊದಿಕಿ ಹಾಕ್ಸೀರಿ ನೋಡ್ರಿ. ಒಳಗ ಹಲ್ಲೇ ಇಲ್ಲ" ಅಂದ. ಪುಣ್ಯಕ್ಕೆ ಚಾಸಿ ಗಟ್ಟಿ ಇತ್ತು. "ಚಾಸಿ ಹೋಗಿತ್ತಂದ್ರ ನಾ ಮುಟ್ಟತಿದ್ದಿಲ್ರಿ, ಗುಜರಿಗೆ ಹಾಕ್ರಿ ಅಂತಿದ್ದೆ."

42 ಸಾವಿರ ಕೇಳಿದ. ನಾನು 36ಕ್ಕೆ ಇಳಿಸಿದೆ. ಈ ಸಾಲು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಹನ್ನೊಂದು ದಿನದ ಕೆಲಸ. ಎರಡು ದಿನ ಅಲ್ಲೇ ಕೂತು ನೋಡಿದೆ. ಮೊದಲು ಬ್ಯಾಟರಿ ಬಿಚ್ಚಿದ, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಟ್ಟ. ಆಮೇಲೆ ಗ್ರೈಂಡರ್ ಹಿಡಿದು ಕತ್ತರಿಸುತ್ತ ಹೋದ. ತೂತು ಅಂಗೈ ಅಗಲ ಇದ್ದ ಕಡೆ ಮೊರದಗಲ ಕತ್ತರಿಸಿದ. "ಇಷ್ಟ್ಯಾಕ?" ಅಂದರೆ, "ಬೆಳ್ಳಗ ಹೊಳಿಯೂ ಪತ್ರಾ ಸಿಗೂತನಾ ಕೊಯ್ಯಬೇಕ್ರಿ. ಒಂದ್ ಬಟ್ಟು ಜಂಗ್ ಬಿಟ್ರೂ ಅದು ಮತ್ತ ಊರು ಕಟ್ಟತೈತಿ" ಅಂದ. ಸಾಬೂನಿನ ರಟ್ಟಿನ ಪೆಟ್ಟಿಗೆ ಹರಿದು ಅಳತೆ ತೆಗೆದ. 18 ಗೇಜಿನ ಪತ್ರಾ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ್ದು. ಅದನ್ನು ಒಂದು ರೈಲು ಹಳಿಯ ತುಂಡಿನ ಮೇಲಿಟ್ಟು ಬಡಿದು ಬಾಗಿಸಿದ. ವೆಲ್ಡಿಂಗ್ ಒಂದೇ ಎಳೆಯಾಗಿ ಎಳೆಯಲಿಲ್ಲ. ಇಲ್ಲೊಂದು ಚುಕ್ಕಿ, ಎದುರಿಗೊಂದು ಚುಕ್ಕಿ, ನಡುನಡುವೆ ಒದ್ದೆ ಬಟ್ಟೆ. ಒಂದೇ ಕಡೆ ಕಾವು ಕೊಟ್ಟರೆ ತೆಳು ಪತ್ರಾ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಕತ್ತಲಾದ ಮೇಲೆ ಅಡಿಗೆ ಬಲ್ಬು ಹಿಡಿದು ಒಳಗಿಂದ ನೋಡಿದ. ಬೆಳಕಿನ ಒಂದು ಚುಕ್ಕಿ ಕಂಡರೂ ಮತ್ತೆ ವೆಲ್ಡಿಂಗ್. ಆಮೇಲೆ ಪ್ರೈಮರ್, ಜೋಡಣೆಯ ಸಂದಿಗೆಲ್ಲ ಸೀಲರ್. ಇಷ್ಟೆಲ್ಲ ಆದ ಮೇಲೆ ಡ್ರಿಲ್ ತಗೊಂಡು ತಳದ ಪಟ್ಟಿಗಳಿಗೆ ತೂತು ಹೊಡೆಯತೊಡಗಿದ! "ಅಲ್ರಿ, ಹನ್ನೊಂದು ದಿನ ತೂತು ಮುಚ್ಚಿ ಈಗ ಮತ್ತ ತೂತಾ?" ಅಂದೆ. "ನೀರು ಬರೂದು ನಿಲ್ಸಾಕ ಆಗೂದಿಲ್ರಿ. ಬಂದದ್ದು ಹೋಗಾಕ ದಾರಿ ಬಿಡಬೇಕು." ಬೆಂಗಳೂರಿನ ರಸ್ತೆ ಮಾಡುವವರನ್ನು ಈ ಶೆಡ್ಡಿಗೆ ಒಂದು ವಾರ ಟ್ರೇನಿಂಗಿಗೆ ಕಳಿಸಬೇಕು ಅನ್ನಿಸಿತು.

ಈಗ ಲೆಕ್ಕ. 36 ಸಾವಿರದಲ್ಲಿ ಸಾಮಾನಿಗೇ 9 ಸಾವಿರ ಹೋಯಿತು. ಉಳಿದ 27 ಸಾವಿರವನ್ನು ಮಿಸ್ತ್ರಿ ಮತ್ತು ಆತನ ಕೈಕೆಳಗಿನ ಹುಡುಗ, ಇಬ್ಬರ 22 ಆಳಿನ ದಿನಕ್ಕೆ ಹಂಚಿ. ತಲೆಗೆ ದಿನಕ್ಕೆ 1,200 ಚಿಲ್ಲರೆ. ಗ್ಯಾಸು, ಕರೆಂಟು, ಶೆಡ್ಡಿನ ಬಾಡಿಗೆ ಎಲ್ಲ ಅದರಲ್ಲೇ. ನನ್ನ ಎಲ್‌ಇಡಿ ಬಾರ್‌ಗೆ 14 ಸಾವಿರ. ಅದಕ್ಕೆ ಚೌಕಾಸಿ ಮಾಡಲಿಲ್ಲ, ಯಾಕಂದರೆ ಅದು ಡಬ್ಬಿಯಲ್ಲಿ ಬಂದಿತ್ತು, ಮೇಲೆ ಬೆಲೆ ಅಚ್ಚಾಗಿತ್ತು. ಮನುಷ್ಯನ ಕೈಮೇಲೆ ಎಂಆರ್‌ಪಿ ಅಚ್ಚಾಗಿರುವುದಿಲ್ಲ ನೋಡಿ, ಅಲ್ಲಿ ನಮ್ಮ ವ್ಯಾಪಾರದ ಜಾಣತನವೆಲ್ಲ ಹೊರಗೆ ಬರುತ್ತದೆ. ಆ ಹುಡುಗ ವೆಲ್ಡಿಂಗ್ ಮಾಡುತ್ತಿದ್ದುದು ಜಾತ್ರೆಯ ಕಪ್ಪು ಚಶ್ಮಾ ಹಾಕಿಕೊಂಡು. ಸರಿಯಾದ ಮಾಸ್ಕು ನನ್ನ ಬಾರ್‌ನ ಬೆಲೆಯ ಮುಂದೆ ಏನೂ ಅಲ್ಲ.

ಕಲಘಟಗಿಯ ಬಣ್ಣದ ತೊಟ್ಟಿಲು ನೋಡಿ ನಾವು 'ವಾವ್, ಕ್ರಾಫ್ಟ್' ಅಂತೀವಿ. ನವಲಗುಂದದ ಜಮಖಾನಕ್ಕೆ ಜಿಐ ಟ್ಯಾಗ್ ಇದೆ ಅಂತ ಹೆಮ್ಮೆಪಡ್ತೀವಿ. ಪಡಲೇಬೇಕು. ಆದರೆ ಅದೇ ಸೀಮೆಯಲ್ಲಿ ರಟ್ಟಿನ ಅಳತೆಯ ಮೇಲೆ ಪತ್ರಾ ಬಾಗಿಸಿ, ಕೂದಲೆಳೆ ಸಂದಿ ಬಿಡದೆ ಕೂರಿಸುವವನು ನಮ್ಮ ಬಾಯಲ್ಲಿ ಬರೀ 'ಟಿಂಕರಿಂಗ್‌ನವನು'. ಅವನ ಕೆಲಸ ಗೋಡೆಗೆ ತೂಗುಹಾಕಲು ಬರುವುದಿಲ್ಲ. ಅದಕ್ಕೇ ಅವನ ಕೈಕೆಳಗೆ ಕಲಿಯಲು ಹುಡುಗರು ಬರುತ್ತಿಲ್ಲ. "ಇಂವಾ ಒಬ್ಬ ಅದಾನ್ರಿ. ಇಂವನೂ ಡೆಲಿವರಿ ಕೆಲಸಕ್ಕ ಹೊಂಟಾನ" ಅಂದ ಮಿಸ್ತ್ರಿ.

ನೀವು ಏನು ಹೇಳುತ್ತೀರಿ ಅಂತ ನನಗೆ ಗೊತ್ತು. 'ಹಳೇ ಡಬ್ಬಾಕ್ಕೆ ಇಷ್ಟೆಲ್ಲ ಯಾಕೆ, ಸ್ಕ್ರ್ಯಾಪ್ ಮಾಡಿ ಹೊಸದು ತಗೊಳ್ಳಿ.' ಹಳೇ ಡೀಸೆಲ್ ಹೊಗೆ ಸುಳ್ಳಲ್ಲ. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿಗಳ ಮೇಲೆ ಕೋರ್ಟುಗಳು ಕಣ್ಣಿಟ್ಟಿದ್ದಕ್ಕೆ ಕಾರಣ ಇದೆ. ಆದರೆ ಹೊಲ, ಸೊಸೈಟಿ, ಸಂತೆ ಅಂತ ಓಡಾಡುವ ಗಾಡಿಯ ಬದಲಿಗೆ ಹತ್ತು ಲಕ್ಷ ದಾಟುವ ಹೊಸದು ತಗೋ ಅಂತ ರೈತನಿಗೆ ಹೇಳುವವರು ಆ ಸಾಲದ ಕಂತನ್ನೂ ಕಟ್ಟಬೇಕು. ಹದಿನೈದು ವರ್ಷ ದಾಟಿದ ಮೇಲೆ ನೋಂದಣಿ ನವೀಕರಿಸಲು ಕಾನೂನಿನಲ್ಲೇ ದಾರಿ ಇದೆ. ಕಾರು, ಜೀಪಿಗೆ 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ್ದಕ್ಕೆ 10,000. ತಗೊಳ್ಳಲಿ. ಆದರೆ ಅಷ್ಟು ತಗೊಂಡ ಮೇಲೆ ಯಾರಾದರೂ ಬಗ್ಗಿ ತಳ ನೋಡಲಿ. ನಮ್ಮ ಜೀಪು ಮ್ಯಾಟ್ ಬ್ಲ್ಯಾಕ್ ಆಗಿದ್ದಾಗ ನೋಡಿದವರೆಲ್ಲ 'ಸೂಪರ್ ಕಂಡೀಶನ್' ಅಂದಿದ್ದರು.

ಇನ್ನೊಂದು ವಾದ: 'ನನ್ನ ಗಾಡಿ, ನನ್ನ ದುಡ್ಡು, ನನ್ನಿಷ್ಟ.' ಇಲ್ಲ ಸ್ವಾಮಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ತಮಾಷೆ ಏನಂದರೆ, ನಾವು ಲಕ್ಷಗಟ್ಟಲೆ ಸುರಿಯುವ ಬದಲಾವಣೆಗಳಲ್ಲಿ ಬಹಳಷ್ಟು ಈ ಗೆರೆಯ ಆಚೆ ಬೀಳುತ್ತವೆ. ಗಾಡಿ ಹೇಗಿತ್ತೋ ಹಾಗೇ ಮಾಡಿಕೊಡುವ ಪತ್ರಾ ಕೆಲಸ ಗೆರೆಯ ಈಚೆ. ಆದರೂ ನಾವು ಅದಕ್ಕೇ ಚೌಕಾಸಿ ಮಾಡುತ್ತೇವೆ.

ಹಾಗಾಗಿ ಹಳೇ ಜೀಪು ತರುವ ಆಸೆ ಇರುವ ಗೆಳೆಯರಿಗೆ ಇಷ್ಟೇ ಹೇಳ್ತೀನಿ. ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಕಬ್ಬಿಣ ಇದ್ದ ಕಡೆ ಹಿಡಿಯುತ್ತದೆ, ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಕೆಲಸಕ್ಕೆ ಕೊಟ್ಟರೆ ಬಣ್ಣ ಹಚ್ಚುವ ಮೊದಲು ಹೋಗಿ ಬರೀ ಪತ್ರಾ ನೋಡಿ, ಫೋಟೋ ತೆಗೆಯಿರಿ. ಕತ್ತರಿಸಿದ ಚೂರುಗಳನ್ನು ಎತ್ತಿಡಲು ಹೇಳಿ. ಬಜೆಟ್ಟು ಹತ್ತು ರೂಪಾಯಿ ಇದ್ದರೆ ಏಳು ತಳಕ್ಕೆ, ಮೂರು ಬಣ್ಣಕ್ಕೆ. ಮಿಸ್ತ್ರಿ ಕೇಳಿದ್ದು ಕೊಡಿ. ಹೋಗುವಾಗ ಎರಡು ವೆಲ್ಡಿಂಗ್ ಮಾಸ್ಕು ಒಯ್ಯಿರಿ.

ನಾನೂ ಒಯ್ದೆ, ತಡವಾಗಿ. ಇಳಿಸಿದ್ದ ಆರು ಸಾವಿರವನ್ನೂ ಕೊಡಲು ಹೋದೆ. ಮಿಸ್ತ್ರಿ ಮಾಸ್ಕು ತಗೊಂಡ, ದುಡ್ಡು ತಗೊಳ್ಳಲಿಲ್ಲ. "ಮಾತು 36ಕ್ಕ ಆಗಿತ್ತಲ್ರಿ" ಅಂದ. ಆ ದುಡ್ಡು ಇನ್ನೂ ನನ್ನ ಹತ್ತಿರವೇ ಇದೆ, ಚುಚ್ಚುತ್ತಲೇ ಇದೆ.

ಜೀಪು ಈಗ ಊರಲ್ಲಿದೆ. ದುಡ್ಡು ಮುಗಿದಿದ್ದರಿಂದ ತಳದ ಅರ್ಧ ಬರೀ ಪ್ರೈಮರಿನಲ್ಲಿದೆ, ಮೇಲೆ ಹರಕಲು ಮ್ಯಾಟ್ ಬ್ಲ್ಯಾಕ್. ನೋಡಲು ಕತ್ತೆಕಿರುಬದಂತಿದೆ. ಎಲ್‌ಇಡಿ ಬಾರ್ ಬಿಚ್ಚಿ ಕಾಕಾ ದನದ ಕೊಟ್ಟಿಗೆಗೆ ಹಾಕಿಸಿದ್ದಾನೆ. ಮೊನ್ನೆ ಅಣ್ಣನ ಮಗಳು ಹತ್ತುವ ಮುಂಚೆ ಹಿಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡಿದಳು. ಅಲ್ಲಾಡಲಿಲ್ಲ. ಆಮೇಲೆ ಕೂತಳು.