ಆಟೊಪೈಲಟ್ ಕೆಟ್ಟಿದೆ ಎನ್ನುವ ಮುನ್ನ

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸ ಈಗ ಕಾರ್ಖಾನೆಗಳ ನೆರೆಯ ನಮ್ಮ ಮೇಟಗಳ್ಳಿಗೂ ಬಂದಿದೆ. ನಿವೃತ್ತಿಯ ಬಳಿಕ ನಾನೂ ಅದಕ್ಕೆ ಒಲಿದವನು. ಅಕ್ಕಪಕ್ಕದ ಹುಡುಗರು ತರುವ ದೂರು ಸಾಮಾನ್ಯವಾಗಿ ಒಂದೇ: 'ಅಂಕಲ್, ಆಟೊಪೈಲಟ್ ಕೆಟ್ಟಿದೆ. ಏರುತ್ತಾ ಏರುತ್ತಾ ವಿಮಾನವೇ ಬಿದ್ದುಹೋಯಿತು.' ಕೂಡಲೇ ತಂತ್ರಾಂಶವನ್ನು ಅಳಿಸಿ ಮತ್ತೆ ತುಂಬಲು ಹೊರಡುತ್ತಾರೆ.

ಬಹಳಷ್ಟು ಸಲ ಕೆಟ್ಟಿರುವುದು ಏನೂ ಇಲ್ಲ. ಸೆಸ್ನಾ 172ರಂಥ ಪುಟ್ಟ ವಿಮಾನದ ಆಟೊಪೈಲಟ್‌ಗೆ ನಿಮಿಷಕ್ಕೆ ಸಾವಿರ ಅಡಿ ಏರಬೇಕೆಂದು ಆದೇಶಿಸಿದರೆ ಅದು ಮೂತಿಯನ್ನು ಮೇಲೆತ್ತುತ್ತದೆ. ಎಂಜಿನ್ನಿನ ಬಲ ಹೆಚ್ಚಿಸುವ ಅಧಿಕಾರ ಮಾತ್ರ ಅದಕ್ಕಿಲ್ಲ. ಎತ್ತರಕ್ಕೇರಿದಂತೆ ಬಲ ಕುಗ್ಗುತ್ತದೆ. ಆದೇಶ ಪಾಲಿಸಲು ಮೂತಿ ಇನ್ನಷ್ಟು ಮೇಲೇಳುತ್ತದೆ. ವೇಗ ಕುಸಿದು ರೆಕ್ಕೆಗಳು ಭಾರ ಹೊರಲಾರದಾಗುತ್ತವೆ. ಅನುದಾನವಿಲ್ಲದೆ ಗುರಿ ವಿಧಿಸುವ ಸುತ್ತೋಲೆಗಳನ್ನು ಕಂಡವರಿಗೆ ಇದೇನೂ ಹೊಸದಲ್ಲ.

ಇದನ್ನು ಬರಿಯ ಆಟವೆಂದು ತಳ್ಳಿಹಾಕಲಾಗದು. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿದ್ದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320, ರನ್‌ವೇ ತಲುಪುವ ಮುನ್ನವೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 146 ಮಂದಿಯ ಪೈಕಿ 92 ಮಂದಿ ಅಸುನೀಗಿದರು. ವಿಮಾನ ಎಂಜಿನ್ನುಗಳ ಬಲವನ್ನು ಕನಿಷ್ಠಕ್ಕಿಳಿಸುವ ಮೋಡ್‌ನಲ್ಲಿತ್ತು. ವೇಗ ಕುಸಿಯುತ್ತಿದ್ದುದು ಪೈಲಟ್‌ಗಳ ಅರಿವಿಗೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ಆದ್ದರಿಂದ ಹುಡುಗರು ಮೊದಲು ಫಲಕದಲ್ಲಿ ಯಾವ ಮೋಡ್ ಬೆಳಗುತ್ತಿದೆಯೆಂದು ಓದಲಿ, ಆಮೇಲೆ ವೇಗವನ್ನು ನೋಡಲಿ. ಜಾಯ್‌ಸ್ಟಿಕ್ಕನ್ನೂ ಪರೀಕ್ಷಿಸಲಿ, ಅದರ ಸಣ್ಣ ನಡುಕವೂ ಆಟೊಪೈಲಟ್ ಸಂಪರ್ಕವನ್ನು ಕಡಿಯಬಲ್ಲದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಹಾರಿಸಿ ನೋಡಲಿ. ತಂತ್ರಾಂಶ ಅಳಿಸುವುದು ಹೇಗೂ ಇದ್ದೇ ಇದೆ.